ಓದುಗರ ಪ್ರಶ್ನೆ: ಮೇಫ್ಲವರ್ ಹಡಗಿನವರ ವಂಶ ಅಂತಾರೆ, ನಂಬೋದು ಹೇಗೆ?

ಪ್ರಶ್ನೆ: ನಮ್ಮ ಅಳಿಯ ಅಮೆರಿಕದವರು. 1620ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ವಲಸಿಗರನ್ನು ತಂದ ಮೇಫ್ಲವರ್ ಹಡಗಿನಲ್ಲಿ ಬಂದ ಜಾನ್ ಹೌಲ್ಯಾಂಡ್ ತಮ್ಮ ಮೂಲಪುರುಷ ಅಂತ ಅವರ ಮನೆಯಲ್ಲಿ ಮಾತು. ನಿಜವೋ ಸುಳ್ಳೋ ತಿಳಿಯುವುದು ಹೇಗೆ?

ಉತ್ತರ: ನಿಜ ಇದ್ದರೂ ಇರಬಹುದು. ಈ ಹೌಲ್ಯಾಂಡ್ ಬಿರುಗಾಳಿಯಲ್ಲಿ ಹಡಗಿನಿಂದ ಸಮುದ್ರಕ್ಕೆ ಬಿದ್ದು, ಜೋತಾಡುತ್ತಿದ್ದ ಹಗ್ಗ ಹಿಡಿದು ಬದುಕಿದವನು. 102 ಪ್ರಯಾಣಿಕರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಮೊದಲ ಚಳಿಗಾಲದಲ್ಲೇ ತೀರಿಕೊಂಡರು. ಇವನು ಉಳಿದ. ಅದೇ ಹಡಗಿನಲ್ಲಿ ಬಂದಿದ್ದ ಎಲಿಜಬೆತ್ ಟಿಲ್ಲಿಯನ್ನು ಮದುವೆಯಾದ, ಹತ್ತು ಮಕ್ಕಳಾದರು. ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್, ಬುಷ್ ಅಪ್ಪ-ಮಗ ಇಬ್ಬರೂ ಇವನ ವಂಶದವರೇ.

ಆದರೆ ಮನೆತನದ ಹೆಸರು ಒಂದೇ ಅಂತ ಸುಮ್ನೆ ಗಂಟು ಹಾಕಬೇಡಿ. ಹೌಲ್ಯಾಂಡ್‌ನ ಇಬ್ಬರು ಸಹೋದರರು, ಆರ್ಥರ್ ಮತ್ತು ಹೆನ್ರಿ, ಆಮೇಲೆ ಬೇರೆಯಾಗಿ ಬಂದರು. ಅವರ ಮಕ್ಕಳು ಮರಿಗಳೂ ಹೌಲ್ಯಾಂಡ್‌ಗಳೇ, ಮೇಫ್ಲವರ್‌ಗೂ ಅವರಿಗೂ ನಂಟಿಲ್ಲ!

ಹಾಗಾಗಿ ಅಳಿಯಂದಿರಿಂದ ಶುರುಮಾಡಿ ಹಿಂದಕ್ಕೆ ಹೋಗಿ. ಇವರು ಇವರ ಮಗ, ಅವರು ಅವರ ಮಗಳು ಅನ್ನುವುದಕ್ಕೆ ಪ್ರತಿ ತಲೆಮಾರಿಗೂ ಒಂದು ಕಾಗದ ಬೇಕು. 1850ರವರೆಗೆ ದಾರಿ ಸಲೀಸು. ಆ ವರ್ಷದ ಜನಗಣತಿಯಿಂದ ಗುಲಾಮರಲ್ಲದ ಎಲ್ಲರ ಹೆಸರೂ ಸಿಗುತ್ತದೆ. 1890ರದ್ದು ಮಾತ್ರ ಬಹುಪಾಲು ಇಲ್ಲ, 1921ರ ಬೆಂಕಿಯ ಪುಣ್ಯ.

ಆ ಕಡೆಯ ತುದಿಯೂ ಸುಲಭವೇ. 1897ರಲ್ಲಿ ಶುರುವಾದ ಮೇಫ್ಲವರ್ ವಂಶಸ್ಥರ ಸಂಘ ಮೊದಲ ಐದು ತಲೆಮಾರುಗಳನ್ನು ದಾಖಲೆ ಸಮೇತ ಅಚ್ಚು ಹಾಕಿಸಿದೆ. ಅದನ್ನು 'ಸಿಲ್ವರ್ ಬುಕ್ಸ್' ಅನ್ನುತ್ತಾರೆ. ಐದನೆಯವರನ್ನು ಮುಟ್ಟಿದರೆ ಗೆದ್ದ ಹಾಗೆ.

ಕಷ್ಟ ಇರುವುದು ನಡುವೆ, ಸುಮಾರು 1780ರಿಂದ 1850. ಮೇಫ್ಲವರ್‌ನವರು ನೆಲೆಸಿದ್ದ ಮ್ಯಾಸಚೂಸೆಟ್ಸ್ ಬಿಟ್ಟು ಜನ ನ್ಯೂಯಾರ್ಕ್, ಓಹಾಯೊ ಕಡೆ ಗುಳೆ ಹೊರಟ ಕಾಲ. ಅಲ್ಲಿ ಹುಟ್ಟು-ಸಾವು ಬರೆದಿಡುವ ಪದ್ಧತಿ ಇನ್ನೂ ಸರಿಯಾಗಿ ಬಂದಿರಲಿಲ್ಲ. 1840ರ ಗಣತಿ ಪುಟ ತೆರೆದರೆ ಯಜಮಾನನ ಹೆಸರೊಂದೇ. ಮುಂದೆಲ್ಲ ವಯಸ್ಸಿನ ಕಾಲಮ್ಮು: ಐದರಿಂದ ಹತ್ತರೊಳಗಿನ ಗಂಡು, 2. ಯಾವ ಎರಡು? ಅದಕ್ಕೆ ಉತ್ತರ ವಿಲ್ಲುಗಳಲ್ಲಿ, ಜಮೀನು ಪತ್ರಗಳಲ್ಲಿ ಹುಡುಕಬೇಕು. 'ಇಂಥವನ ಹೆಂಡತಿಯಾದ ನನ್ನ ಮಗಳಿಗೆ ಹತ್ತು ಡಾಲರ್' ಅಂತ ಒಂದು ಸಾಲು ಸಿಕ್ಕರೆ ಸಾಕು, ಕೊಂಡಿ ಕೂಡಿಕೊಳ್ಳುತ್ತದೆ.

ಹೆಸರಿನ ಮುಂದೆ 'ಜೂನಿಯರ್' ಕಂಡರೆ ಮಗ ಅಂದುಕೊಳ್ಳಬೇಡಿ. ಆಗ ಅದು ನಮ್ಮೂರಿನ ದೊಡ್ಡ ರಾಮಣ್ಣ, ಚಿಕ್ಕ ರಾಮಣ್ಣ ಇದ್ದ ಹಾಗೆ. ಚಿಕ್ಕಪ್ಪ-ಅಣ್ಣನ ಮಗ ಆಗಿರಬಹುದು, ಸಂಬಂಧವೇ ಇಲ್ಲದವರೂ ಆಗಿರಬಹುದು.

ಹಳೇ ದಾಖಲೆಗಳನ್ನು ಹುಡುಕುವ ಫ್ಯಾಮಿಲಿಸರ್ಚ್ ಜಾಲತಾಣ ಉಚಿತ. ಅಲ್ಲಿ ಮೂಲ ಪುಟಗಳ ಚಿತ್ರ ನೋಡಿ, ಯಾರೋ ಕಟ್ಟಿಟ್ಟ ವಂಶವೃಕ್ಷವನ್ನಲ್ಲ. ಬೀಗರ ಮನೆಯಲ್ಲಿ ಹಳೇ ಬೈಬಲ್ ಇದ್ದರೆ ಹುಟ್ಟು-ಮದುವೆ ಬರೆದ ಹಾಳೆಯ ಫೋಟೋ ತರಿಸಿಕೊಳ್ಳಿ, ಜೊತೆಗೆ ಮುದ್ರಣದ ವರ್ಷ ಇರುವ ಪುಟದ್ದೂ. 1870ರಲ್ಲಿ ಅಚ್ಚಾದ ಬೈಬಲ್‌ನಲ್ಲಿ 1790ರ ಹುಟ್ಟು ಇದ್ದರೆ, ಅದು ಎಷ್ಟೋ ವರ್ಷದ ಮೇಲೆ ಯಾರೋ ಕೂತು ಬರೆದದ್ದು ಅಲ್ವಾ?