ಹಳೆ ಸೆಸ್ನಾ ಮಾರಿ ಹೊಸ ಸಿರಸ್ ಕೊಂಡರೆ

ಅಮೆರಿಕದಲ್ಲಿ ಸ್ವಂತ ವಿಮಾನ ಇಟ್ಟುಕೊಂಡವರೆಲ್ಲ ಭಾರೀ ಶ್ರೀಮಂತರೇನಲ್ಲ. ಅಲ್ಲಿನ ಸಣ್ಣ ಊರುಗಳಲ್ಲೂ ಪುಟ್ಟ ರನ್‌ವೇ ಇರುತ್ತದೆ. 1970ರ ದಶಕದ ಸೆಸ್ನಾ 172 ವಿಮಾನಗಳು ಇವತ್ತಿಗೂ ಅಲ್ಲಿಂದ ಹಾರುತ್ತಿವೆ. ನಾಲ್ಕು ಸೀಟು, ಒಂದೇ ಎಂಜಿನ್, ತಲೆಯ ಮೇಲೆ ರೆಕ್ಕೆ. 1956ರಲ್ಲಿ ಮಾರಾಟಕ್ಕೆ ಬಂದ ಈ ಮಾದರಿ ಈವರೆಗೆ 44,000ಕ್ಕೂ ಜಾಸ್ತಿ ತಯಾರಾಗಿದೆ. ಬೇರೆ ಯಾವ ವಿಮಾನವೂ ಇಷ್ಟು ಸಂಖ್ಯೆಯಲ್ಲಿ ತಯಾರಾಗಿಲ್ಲ.

ಇಂಥ ಸೆಸ್ನಾ ಮಾರಿ ಹೊಸದು ಕೊಳ್ಳುವವರಲ್ಲಿ ಅನೇಕರ ಕಣ್ಣು ಬೀಳುವುದು ಸಿರಸ್ ಎಸ್‌ಆರ್22 ಮೇಲೆ. ಹಳೆ ಸೆಸ್ನಾದ ಎಂಜಿನ್ ಸುಮಾರು 150 ಅಶ್ವಶಕ್ತಿಯದು, ಇದರದು 310. ಅದು ಗಂಟೆಗೆ 200 ಕಿ.ಮೀ. ಹೋದರೆ ಇದು 330 ದಾಟುತ್ತದೆ. ಅದರ ಮೈ ಅಲ್ಯೂಮಿನಿಯಂ, ಇದರದು ಫೈಬರ್ ಕಾಂಪೋಸಿಟ್. ಎದುರಿಗೆ ದೊಡ್ಡ ಎರಡು ಸ್ಕ್ರೀನ್. ಇಡೀ ವಿಮಾನವನ್ನೇ ಹೊತ್ತು ಇಳಿಸುವ ಪ್ಯಾರಾಚೂಟ್ ಬೇರೆ.

ಇಷ್ಟೆಲ್ಲ ಇದ್ದಮೇಲೆ ಅಪಾಯ ಕಡಿಮೆ ಆಗಲೇಬೇಕು, ಅಲ್ವಾ? ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2010ರಲ್ಲಿ ಈ ವಿಷಯದ ಮೇಲೊಂದು ಅಧ್ಯಯನ ಹೊರತಂದಿತು. 2002ರಿಂದ 2006ರವರೆಗೆ ತಯಾರಾದ ಒಂಟಿ ಎಂಜಿನ್‌ನ ಸಣ್ಣ ವಿಮಾನಗಳನ್ನು ಅದು ಎರಡು ಗುಂಪು ಮಾಡಿ ನೋಡಿತು. ಒಂದು ಗುಂಪಿನಲ್ಲಿ ಮುಳ್ಳಿನ ಮೀಟರ್, ಇನ್ನೊಂದರಲ್ಲಿ ಸ್ಕ್ರೀನ್. ಸ್ಕ್ರೀನ್ ಇದ್ದ ವಿಮಾನಗಳಿಗೆ ಒಟ್ಟು ಅಪಘಾತ ಕಡಿಮೆಯೇ ಆಗಿತ್ತು. ಆದರೆ ಜೀವ ಹೋದ ಅಪಘಾತಗಳ ಪ್ರಮಾಣ ಅವುಗಳಲ್ಲೇ ಜಾಸ್ತಿ ಇತ್ತು. ಇದಕ್ಕೆ ಸ್ಕ್ರೀನನ್ನೇ ದೂರುವುದು ಸರಿಯಲ್ಲ. ಇಂಥ ವಿಮಾನಗಳನ್ನು ಜನ ದೂರದ ಪ್ರಯಾಣಕ್ಕೆ, ಮೋಡದೊಳಗೆ ಹಾರುವುದಕ್ಕೆ ಜಾಸ್ತಿ ಬಳಸುತ್ತಿದ್ದರು. ಮಂಡಳಿ ಕೇಳಿದ್ದೂ ತರಬೇತಿಯನ್ನೇ: ಯಾವ ಉಪಕರಣ ಇದೆಯೋ ಅದನ್ನೇ ಹಿಡಿದು ಪೈಲಟ್‌ಗೆ ಕಲಿಸಬೇಕು ಎಂದು.

ಮೀಟರ್‌ಗಳನ್ನೇ ನೋಡಿ. ಹಳೆ ಸೆಸ್ನಾದಲ್ಲಿ ಆರು ದುಂಡು ಮೀಟರ್ ಇರುತ್ತವೆ. ವಿಮಾನ ಎತ್ತ ವಾಲಿದೆ, ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ತೋರಿಸುವ ಎರಡರ ಹಿಂದೆ ಗರಗರ ತಿರುಗುವ ಗೈರೋ ಚಕ್ರಗಳಿವೆ. ಎಂಜಿನ್‌ಗೆ ಜೋಡಿಸಿದ ವ್ಯಾಕ್ಯೂಮ್ ಪಂಪ್ ಗಾಳಿ ಎಳೆದು ಅವನ್ನು ತಿರುಗಿಸುತ್ತದೆ. ಘರ್ಷಣೆಯಿಂದ, ಭೂಮಿಯ ತಿರುಗುವಿಕೆಯಿಂದ ದಿಕ್ಕಿನ ಗೈರೋ ನಿಧಾನಕ್ಕೆ ಜಾರುತ್ತದೆ. ಹಾಗಾಗಿ ಕಾಲು ಗಂಟೆಗೊಮ್ಮೆ ದಿಕ್ಸೂಚಿ ನೋಡಿ ಕೈಯಲ್ಲೇ ಸರಿ ಮಾಡಬೇಕು. ಪಂಪ್ ಕೆಟ್ಟರೆ ಚಕ್ರ ತಕ್ಷಣ ನಿಲ್ಲುವುದಿಲ್ಲ. ವೇಗ ಕಳೆದುಕೊಳ್ಳುತ್ತಾ ಸುಳ್ಳು ತೋರಿಸತೊಡಗುತ್ತದೆ. ಮೋಡದ ನಡುವೆ ಆ ಸುಳ್ಳನ್ನು ಬೇರೆ ಮೀಟರ್‌ಗಳ ಜೊತೆ ತಾಳೆ ನೋಡಿ ಹಿಡಿಯಬೇಕು.

ಹೊಸದರಲ್ಲಿ ತಿರುಗುವ ಚಕ್ರವೇ ಇಲ್ಲ. ಸಿಲಿಕಾನ್ ಚಿಪ್ ಮೇಲೆ ಕೆತ್ತಿದ ಅತಿ ಸಣ್ಣ ರಚನೆಗಳು ಸದಾ ಕಂಪಿಸುತ್ತಿರುತ್ತವೆ. ವಿಮಾನ ತಿರುಗಿದರೆ ಆ ಕಂಪನ ಪಕ್ಕಕ್ಕೆ ಸರಿಯುತ್ತದೆ. ಕಂಪ್ಯೂಟರ್ ಅದನ್ನು ಅಳೆದು, ಭೂಮಿಯ ಕಾಂತಕ್ಷೇತ್ರ ಗುರುತಿಸುವ ಸೆನ್ಸರ್ ಜೊತೆ ಸೇರಿಸಿ ಚಿತ್ರ ಬರೆಯುತ್ತದೆ. ಏನಾದರೂ ಕೆಟ್ಟಿದ್ದು ಗೊತ್ತಾದರೆ ಆ ಜಾಗದಲ್ಲಿ ಕೆಂಪು ಗುಣಾಕಾರದ ಗುರುತು ಬೀಳುತ್ತದೆ. ಇದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಯಾವ ಸೆನ್ಸರ್ ಹೋದರೆ ಏನೇನು ಮಾಯವಾಗುತ್ತದೆ ಎನ್ನುವುದು ಸುಮ್ನೆ ನೋಡಿದರೆ ತಿಳಿಯುವಂಥದ್ದಲ್ಲ. ಅದನ್ನು ನೆಲದ ಮೇಲೇ ಕಲಿತಿರಬೇಕು. ನಮ್ಮ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಕೂಡ ಇದೇ ದಾರಿ ಹಿಡಿದಿದೆ. 1993ರಲ್ಲಿ ಮೊದಲು ಹಾರಿದ ಹಂಸ-3 ತರಬೇತಿ ವಿಮಾನದ ಹೊಸ ರೂಪ ಹಂಸ-ಎನ್‌ಜಿ 2021ರಲ್ಲಿ ಹಾರಿದಾಗ ಒಳಗೆ ಸ್ಕ್ರೀನ್‌ಗಳಿದ್ದವು. ಹೊಸಬರು ಮೊದಲ ದಿನದಿಂದಲೇ ಇದರಲ್ಲಿ ಕಲಿಯುವುದು ಒಳ್ಳೆಯದು ಎಂದೇ ನನ್ನ ಅಭಿಪ್ರಾಯ.

ಇಂಧನದ ಲೆಕ್ಕವೂ ಬದಲಾಗುತ್ತದೆ. ಸೆಸ್ನಾದ ಟ್ಯಾಂಕ್‌ಗಳು ಮೇಲಿನ ರೆಕ್ಕೆಯಲ್ಲಿವೆ. ಪೆಟ್ರೋಲ್ ತಾನಾಗಿ ಕೆಳಗಿಳಿಯುತ್ತದೆ, ಎರಡೂ ಟ್ಯಾಂಕ್‌ನಿಂದ ಒಟ್ಟಿಗೆ. ಸಿರಸ್‌ನ ರೆಕ್ಕೆ ಕೆಳಗಿದೆ. ಪಂಪ್ ಎತ್ತಿಕೊಡಬೇಕು, ಅದೂ ಒಂದು ಸಲಕ್ಕೆ ಒಂದೇ ಟ್ಯಾಂಕ್‌ನಿಂದ. ಹಳೆ ಬೈಕ್‌ನ ಪೆಟ್ರೋಲ್ ಟ್ಯಾಪ್ ತಿರುಗಿಸಿದ ಹಾಗೆ ಎಡಕ್ಕೆ, ಬಲಕ್ಕೆ ಆಗಾಗ ಬದಲಿಸುತ್ತಿರಬೇಕು. ಬದಲಿಗೆ ಒಂದು ಕಾಟ ತಪ್ಪುತ್ತದೆ. ಹಳೆ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಆವಿಯಾಗುವಾಗ ಒಳಗಿನ ಗಾಳಿ ಎಷ್ಟು ತಣ್ಣಗಾಗುತ್ತದೆ ಎಂದರೆ, ಹೊರಗೆ 20 ಡಿಗ್ರಿ ಸೆಲ್ಸಿಯಸ್ ಇದ್ದರೂ ತೇವದ ದಿನ ಮಂಜುಗಡ್ಡೆ ಕಟ್ಟಿ ಎಂಜಿನ್ ನಿಲ್ಲಬಹುದು. ಸಿರಸ್‌ನಲ್ಲಿ ಕಾರ್ಬ್ಯುರೇಟರ್ ಇಲ್ಲ, ಫ್ಯೂಯೆಲ್ ಇಂಜೆಕ್ಷನ್ ಇದೆ.

ಎಲ್ಲಕ್ಕಿಂತ ಕಷ್ಟ ಕೊಡುವುದು ವೇಗ. 8,000 ಅಡಿಯಿಂದ 1,000 ಅಡಿಗೆ ಇಳಿಯಬೇಕು ಅಂದುಕೊಳ್ಳಿ. ನಿಮಿಷಕ್ಕೆ 500 ಅಡಿಯಂತೆ ಇಳಿದರೆ 14 ನಿಮಿಷ ಬೇಕು. ಅಷ್ಟರಲ್ಲಿ ಸೆಸ್ನಾ ಸುಮಾರು 47 ಕಿ.ಮೀ. ಹೋಗಿರುತ್ತದೆ, ಸಿರಸ್ 77 ಕಿ.ಮೀ. ಅಂದರೆ ಇಳಿಯುವ ಯೋಚನೆ 30 ಕಿ.ಮೀ. ಮೊದಲೇ ಶುರುವಾಗಬೇಕು. ಹಳೆ ಅಭ್ಯಾಸದಲ್ಲೇ ಕೂತವರು ರನ್‌ವೇ ಹತ್ತಿರ ಬಂದಾಗ ಇನ್ನೂ ಎತ್ತರದಲ್ಲಿ, ಇನ್ನೂ ಜೋರಾಗಿ ಇರುತ್ತಾರೆ. ಗಾಳಿಯನ್ನು ಸಲೀಸಾಗಿ ಸೀಳುವ ನಯವಾದ ಮೈ ಬೇಗ ನಿಧಾನವಾಗುವುದೂ ಇಲ್ಲ. ನೆಲ ಮುಟ್ಟಲು ಬರುವಾಗಿನ ವೇಗ ಸೆಸ್ನಾಕ್ಕಿಂತ ಐದನೇ ಒಂದರಷ್ಟು ಹೆಚ್ಚು, ತೂಕ ಒಂದೂವರೆ ಪಟ್ಟು. ಚಲನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಬ್ರೇಕ್ ಹೀರಬೇಕಾದ ಶಕ್ತಿ ಎರಡು ಪಟ್ಟಿಗೂ ಮೀರುತ್ತದೆ. ಅಮೆರಿಕದ ನಿಯಮದಂತೆ 200 ಅಶ್ವಶಕ್ತಿ ದಾಟಿದ ಎಂಜಿನ್ ಇದ್ದರೆ ತರಬೇತುದಾರರ ಪ್ರತ್ಯೇಕ ಒಪ್ಪಿಗೆ ಬೇಕು. ನನ್ನ ಪ್ರಕಾರ ಅದು ತೀರಾ ಕನಿಷ್ಠ.

ಇನ್ನು ಪ್ಯಾರಾಚೂಟ್. ಸಿರಸ್ ಕಟ್ಟಿದ ಅಣ್ಣತಮ್ಮಂದಿರಲ್ಲಿ ಒಬ್ಬರಾದ ಅಲನ್ ಕ್ಲಾಪ್‌ಮಯರ್ 1985ರಲ್ಲಿ ಆಕಾಶದಲ್ಲೇ ಇನ್ನೊಂದು ವಿಮಾನಕ್ಕೆ ಡಿಕ್ಕಿಯಾಗಿ ಬದುಕಿದವರು. ಆ ಇನ್ನೊಂದು ವಿಮಾನದ ಪೈಲಟ್ ಬದುಕಲಿಲ್ಲ. ತಾವು ಮಾಡುವ ಪ್ರತಿ ವಿಮಾನದಲ್ಲೂ ಪ್ಯಾರಾಚೂಟ್ ಇರಲೇಬೇಕು ಎಂದು ಅವರು ಹಟ ಹಿಡಿದರು. ಮೇಲ್ಛಾವಣಿಯಲ್ಲಿರುವ ಕೆಂಪು ಹಿಡಿಕೆಯನ್ನು ಎರಡೂ ಕೈಯಲ್ಲಿ ಬಲವಾಗಿ ಎಳೆದರೆ ಹಿಂಭಾಗದಿಂದ ಸಣ್ಣ ರಾಕೆಟ್ ಹಾರಿ ಪ್ಯಾರಾಚೂಟನ್ನು ಹೊರಗೆಳೆಯುತ್ತದೆ. ಮೈಯ ಹೊರಪದರದ ಕೆಳಗೆ ಅಡಗಿಸಿದ ಪಟ್ಟಿಗಳು ಕಿತ್ತುಕೊಂಡು ಮೇಲೆ ಬರುತ್ತವೆ. ನೆಲಕ್ಕೆ ಬೀಳುವ ಪೆಟ್ಟನ್ನು ಚಕ್ರಗಳು ಮತ್ತು ಸೀಟಿನ ಅಡಿಯ ಜೇನುಗೂಡಿನಂಥ ಪದರ ಕುಸಿದು ಹೀರುತ್ತವೆ. 2002ರಲ್ಲಿ ಟೆಕ್ಸಾಸ್‌ನಲ್ಲಿ ರಿಪೇರಿ ಮುಗಿಸಿ ಹೊರಟ ವಿಮಾನವೊಂದರ ಏಲರಾನ್ (ವಿಮಾನವನ್ನು ಎಡಕ್ಕೆ ಬಲಕ್ಕೆ ವಾಲಿಸುವ, ರೆಕ್ಕೆಯ ಹಿಂಬದಿಯ ಚಲಿಸುವ ಹಲಗೆ) ಕಳಚಿಕೊಂಡಾಗ ಇದು ಮೊದಲ ಸಲ ಜೀವ ಉಳಿಸಿತು.

ಆದರೂ ಎಷ್ಟೋ ವರ್ಷ ಜನ ಹಿಡಿಕೆ ಎಳೆಯದೇ ಸಾಯುತ್ತಿದ್ದರು. ಎತ್ತರ ಇತ್ತು, ಸಮಯವೂ ಇತ್ತು. ಎಂಜಿನ್ ನಿಂತರೆ ಯಾವುದಾದರೂ ಹೊಲ ನೋಡಿ ಇಳಿಸಬೇಕು ಎಂದು ಹಳೆ ವಿಮಾನದಲ್ಲಿ ಕೈಗೆ ಕಲಿಸಿದ ಪಾಠವೇ ಮುಂದೆ ಬರುತ್ತಿತ್ತು. ಇದನ್ನು ಗುರುತಿಸಿದ್ದು ಸಿರಸ್ ಮಾಲೀಕರ ಸಂಘ. ಕಂಪನಿಯ ಜೊತೆ ಸೇರಿ 2011ರ ನಂತರ ಅವರು ತರಬೇತಿಯ ಒತ್ತನ್ನೇ ಬದಲಿಸಿದರು: ಅನುಮಾನ ಬಂದರೆ ಮೊದಲು ಎಳೆಯಿರಿ, ವಿಮಾನದ ಚಿಂತೆ ಬಿಡಿ. 2014ರ ಹೊತ್ತಿಗೆ ಜೀವ ಹೋದ ಅಪಘಾತಗಳಿಗಿಂತ ಪ್ಯಾರಾಚೂಟ್‌ನಿಂದ ಬಚಾವಾದ ಘಟನೆಗಳೇ ಜಾಸ್ತಿಯಾದವು. ಈಗ ಸಿರಸ್ ಕಲಿಯುವವರು ಪ್ರತಿ ಸಲ ನೆಲ ಬಿಟ್ಟು ಏರುವಾಗ, ಪ್ಯಾರಾಚೂಟ್ ತೆರೆಯಲು ಬೇಕಾದ ಕೆಲವು ನೂರು ಅಡಿ ದಾಟಿದ ಕೂಡಲೇ ಅದನ್ನು ಬಾಯಿಬಿಟ್ಟು ಜೋರಾಗಿ ಹೇಳುತ್ತಾರೆ, ಪಕ್ಕದ ಸೀಟಿನಲ್ಲಿ ಯಾರೂ ಇಲ್ಲದಿದ್ದರೂ.