ಮಾಲೆ ಹಾಕಿದಾಗ ಹೇಗಿದ್ದ?

ಹಾವೇರಿ, ಗದಗ ಕಡೆಯಿಂದ ಧಾರವಾಡದ ನಮ್ಮ ಮಾನಸಿಕ ಆಸ್ಪತ್ರೆಗೆ ರೋಗಿಯನ್ನು ಕರೆತರುವವರು ಹೆಚ್ಚಾಗಿ ಕೇಳೋದು ಇದನ್ನೇ: "ಸರ್, ಕುಡಿಯೋದೊಂದು ಬಿಡಿಸ್ರಿ ಸಾಕು, ಉಳಿದದ್ದು ತಾನ ಸರಿ ಹೋಗತೈತಿ."

ಕೆಲವರಿಗೆ ಹಾಗೇ ಆಗುತ್ತದೆ. ಕುಡಿತದಿಂದಲೇ ಬಂದ ಖಿನ್ನತೆ, ಕುಡಿಯದೆ ಎರಡರಿಂದ ನಾಲ್ಕು ವಾರ ಕಳೆದರೆ ಎಷ್ಟೋ ಸಲ ತಾನೇ ಇಳಿಯುತ್ತದೆ. ಆದರೆ ಖಿನ್ನತೆಯೋ ಸಂಶಯದ ಕಾಯಿಲೆಯೋ ಮೊದಲೇ ಇದ್ದು, ನಿದ್ದೆ ಬರಲಿ ಅಂತ ಕುಡಿಯಲು ಶುರು ಮಾಡಿದವರೂ ಇರುತ್ತಾರೆ. ಅವರ ಬಾಟಲಿ ಕಸಿದು ಮನೆಗೆ ಕಳಿಸಿದರೆ ಮತ್ತೆ ಅದನ್ನೇ ಹಿಡಿಯುತ್ತಾರೆ. ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಆಗಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಮದ್ಯ, ಮಾದಕ ವಸ್ತುಗಳಿಂದ ಆಗುವ ಮಾನಸಿಕ ತೊಂದರೆಯನ್ನು ಕಾಯಿಲೆ ಅಂತಲೇ ಎಣಿಸುತ್ತದೆ.

ಯಾವುದು ಮೊದಲು ಬಂತು ಅಂತ ತಿಳಿಯೋದು ಹೇಗೆ? ತಾರೀಖು ಯಾರಿಗೂ ನೆನಪಿರೋದಿಲ್ಲ. ನಾನು ಕೇಳೋದು ಶ್ರಾವಣ ಮತ್ತು ಅಯ್ಯಪ್ಪನ ಮಾಲೆ. ನಮ್ಮಲ್ಲಿ ಎಂಥ ಕುಡುಕನೂ ಆಗ ಬಿಡುತ್ತಾನಲ್ವಾ? "ಮಾಲಿ ಹಾಕಿದಾಗ ಒಂದ ಹನಿ ಮುಟ್ಟಿಲ್ರಿ. ಆದ್ರೂ ಗ್ವಾಡಿ ನೋಡ್ಕೊಂತ ಕುಂತಿರತಿದ್ದ" ಅಂತ ಹೆಂಡತಿ ಅಂದರೆ, ನನಗೆ ಯಾವ ಸ್ಕ್ಯಾನಿಂಗೂ ಕೊಡದ ಮಾಹಿತಿ ಸಿಕ್ಕಿತು: ಕುಡಿಯದೆ ಇದ್ದಾಗಲೂ ಕಾಯಿಲೆ ಇತ್ತು.

ಅಡ್ಮಿಟ್ ಆದ ಮೊದಲ ಮೂರ್ನಾಲ್ಕು ದಿನ ಮಾತ್ರ ದೇಹದ ಚಿಂತೆಯೇ ಜಾಸ್ತಿ. ದಿನಾ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ಫಿಟ್ಸ್ ಬರಬಹುದು. ಮೂರನೇ ರಾತ್ರಿ ಹೊತ್ತಿಗೆ ಕೆಲವರು ಹಾಸಿಗೆಯಿಂದ ಇಲ್ಲದ ಹುಳ ಹೆಕ್ಕುತ್ತಾರೆ, "ಎತ್ತು ಹಗ್ಗ ಬಿಚ್ಕೊಂಡ್ವು" ಅಂತ ಕೂಗುತ್ತಾರೆ. ಗಾಳಿ ಸೋಕಿದ್ದಲ್ಲ ಅದು. ಜೀವಕ್ಕೇ ಕುತ್ತು ತರುವ ಸ್ಥಿತಿ. ಮನೆಯಲ್ಲಿ ಕೂಡಿಹಾಕಿ ಬಿಡಿಸುವ ಸಾಹಸ ಬೇಡ. "ಮೊದ್ಲ ಸಲಾಯಿನ್ ಹಚ್ರಿ" ಅಂತ ಮನೆಯವರು ಅವಸರ ಮಾಡುತ್ತಾರೆ. ಆದರೆ ಆ ಬಾಟಲಿಯಲ್ಲಿ ಗ್ಲುಕೋಸ್ ಇದ್ದರೆ ಅದಕ್ಕಿಂತ ಮೊದಲು ಬಿ1 ವಿಟಮಿನ್ ಇಂಜೆಕ್ಷನ್ ಹೋಗಬೇಕು, ಇಲ್ಲದಿದ್ದರೆ ಮಿದುಳಿಗೆ ಪೆಟ್ಟು ಬೀಳಬಹುದು.

ಇನ್ನು ಬೀಡಿ. ಅದರ ಹೊಗೆಯಿಂದ ಕ್ಲೋಜಪಿನ್, ಓಲಾಂಜಪಿನ್‌ನಂಥ ಮಾನಸಿಕ ಕಾಯಿಲೆಯ ಔಷಧಿ ರಕ್ತದಲ್ಲಿ ಬೇಗ ಕಡಿಮೆಯಾಗುತ್ತದೆ. ವಾರ್ಡಿನಲ್ಲಿ ಬೀಡಿ ನಿಂತರೆ ಅದೇ ಡೋಸಿಗೆ ಹಗಲೆಲ್ಲ ಮಂಪರು. ಮನೆಗೆ ಹೋಗಿ ಮತ್ತೆ ಹಚ್ಚಿದರೆ ಡೋಸು ಸಾಲೋದಿಲ್ಲ. ಗುಟ್ಕಾದಿಂದ ಹೀಗಾಗೋದಿಲ್ಲ, ಇದು ಹೊಗೆಯ ಕೆಲಸ (ಗುಟ್ಕಾ ಹಾಕ್ರಿ ಅಂತ ಹೇಳ್ತಿಲ್ಲ ಮತ್ತೆ). ಡಿಸ್ಚಾರ್ಜ್ ಆದ ಮೇಲೆ ಬೀಡಿ ಶುರುವಾದರೆ ಮುಚ್ಚಿಡಬೇಡಿ. ಯಾರೂ ಬೈಯೋದಿಲ್ಲ, ಡೋಸಿನ ಲೆಕ್ಕ ಬದಲಾಗುತ್ತೆ ಅಷ್ಟೇ.