ಆರ್‌ಒ ಮೆಷಿನ್ ಇರುವ ಹೈಸ್ಕೂಲಿಗೂ ಕಾಲರಾ ಬರುತ್ತದಾ?

ಪ್ರಶ್ನೆ: ನಮ್ಮದು ಸರ್ಕಾರಿ ಪ್ರೌಢಶಾಲೆ, 380 ಮಕ್ಕಳಿದ್ದಾರೆ. ಹಳೆಯ ವಿದ್ಯಾರ್ಥಿಗಳು ಸೇರಿ ಆರ್‌ಒ ಮೆಷಿನ್ ಹಾಕಿಸಿಕೊಟ್ಟಿದ್ದಾರೆ. ಈಗ ಪಕ್ಕದ ಊರಲ್ಲಿ ವಾಂತಿಭೇದಿ ಶುರುವಾಗಿದೆ, ಕಾಲರಾ ಇರಬಹುದು ಅಂತ ಮಾತು. ಮೆಷಿನ್ ಇದ್ದ ಮೇಲೂ ನಾವು ತಲೆ ಕೆಡಿಸಿಕೊಳ್ಳಬೇಕಾ ಸಾರ್? (ಒಬ್ಬ ಮುಖ್ಯ ಶಿಕ್ಷಕರು)

ಕೆಡಿಸಿಕೊಳ್ಳಬೇಕು ಮೇಷ್ಟ್ರೇ. ಮೆಷಿನ್ ಕೆಟ್ಟದ್ದು ಅಂತಲ್ಲ. ಸರ್ವೀಸ್ ಸರಿಯಾಗಿ ಆಗಿದ್ದರೆ ಅದರ ನಲ್ಲಿಯಿಂದ ಬೀಳುವ ನೀರು ಬೀಳುವ ಹೊತ್ತಿಗೆ ಚೆನ್ನಾಗಿಯೇ ಇರುತ್ತದೆ. ಆದರೆ ಮಕ್ಕಳ ಬಾಯಿಗೆ ಹೋಗುವ ನೀರೆಲ್ಲ ಆ ನಲ್ಲಿಯಿಂದಲೇ ಬರುತ್ತದೆಯೇ? ಊಟದ ತಟ್ಟೆಯನ್ನು ಅವರು ಯಾವ ನೀರಿನಲ್ಲಿ ತೊಳೆಯುತ್ತಾರೆ?

ಆರೋಗ್ಯ ನಿರೀಕ್ಷಕನಾಗಿದ್ದಾಗ ಒಂದು ಹೈಸ್ಕೂಲಿನಲ್ಲಿ ಮಧ್ಯಾಹ್ನದ ಬೆಲ್ ಹೊಡೆದ ಮೇಲೆ ಕಟ್ಟೆಯ ಮೇಲೆ ಕೂತು ಸುಮ್ಮನೆ ನೋಡಿದ್ದೆ. ಗೋಡೆಯ ಆರ್‌ಒ ಮೆಷಿನ್ ಥಳಥಳ ಹೊಳೆಯುತ್ತಿತ್ತು, ದಾನಿಗಳ ಹೆಸರಿನ ಫಲಕ ಅದಕ್ಕಿಂತ ದೊಡ್ಡದಿತ್ತು. ಮಕ್ಕಳು ತಟ್ಟೆ ತೊಳೆದದ್ದು ಸಿಂಟೆಕ್ಸ್ ಟ್ಯಾಂಕಿನ ನಲ್ಲಿಯಲ್ಲಿ. ನೀರು ಸೋರುವ ತಟ್ಟೆ ಹಿಡಿದು ಹಾಗೇ ಸಾಲಿಗೆ ನಿಂತರು. ಬೆಂದ ಮೊಟ್ಟೆಗಳನ್ನು ಅದೇ ಟ್ಯಾಂಕಿನ ತಣ್ಣೀರಿನ ಬಕೆಟ್ಟಿಗೆ ಸುರಿದುಕೊಂಡು ಅಡುಗೆಯವರಿಬ್ಬರು ಬರಿಗೈಯಲ್ಲಿ ಸಿಪ್ಪೆ ಸುಲಿಯುತ್ತಿದ್ದರು. ಸಾಂಬಾರು ಇಳಿಸಿದ ಮೇಲೆ ಹಸಿ ಕೊತ್ತಂಬರಿ ಉದುರಿಸಿದರು, ಅದನ್ನು ತೊಳೆದದ್ದೂ ಅದೇ ನೀರಲ್ಲಿ. ಊಟವಾದ ಮೇಲೆ ಬಾಯಿ ಮುಕ್ಕಳಿಸಿದ್ದು, ಬೊಗಸೆಯೊಡ್ಡಿ ನಾಲ್ಕು ಗುಟುಕು ಕುಡಿದದ್ದು ಎಲ್ಲ ಅಲ್ಲಿಯೇ. ಆರ್‌ಒ ಮುಂದೆ ಉದ್ದ ಕ್ಯೂ ಇತ್ತಲ್ಲ! ಏಣಿ ಹಾಕಿ ಟ್ಯಾಂಕ್ ಹತ್ತಿದೆ. ಮುಚ್ಚಳ ಇರಲಿಲ್ಲ, ಪಾರಿವಾಳದ ಪುಕ್ಕ ತೇಲುತ್ತಿತ್ತು. ಹೊರಗಡೆ ಮಾತ್ರ ‘ಸ್ವಚ್ಛಗೊಳಿಸಿದ ದಿನಾಂಕ’ ಅಂತ ಚೆಂದದ ಅಕ್ಷರದಲ್ಲಿ ಬರೆದಿತ್ತು.

ಪುಕ್ಕದಿಂದ ಕಾಲರಾ ಬರುವುದಿಲ್ಲ. ಅದು ಮನುಷ್ಯನ ಮಲದಿಂದ ಬರುವ ಕಾಯಿಲೆ. ವಿಬ್ರಿಯೊ ಕಾಲರೆ ಅನ್ನುವ ರೋಗಾಣು ಒಬ್ಬರ ಮಲದಿಂದ ನೀರಿಗೋ ಊಟಕ್ಕೋ ಸೇರಿ ಇನ್ನೊಬ್ಬರ ಹೊಟ್ಟೆಗೆ ಹೋಗಬೇಕು. ಹೋದ 12 ಗಂಟೆಯಿಂದ 5 ದಿನದೊಳಗೆ ಭೇದಿ ಶುರುವಾಗಬಹುದು. ಆದರೆ ಸೋಂಕು ತಗುಲಿದ ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಆದರೂ 1ರಿಂದ 10 ದಿನ ಅವರ ಮಲದಲ್ಲಿ ರೋಗಾಣು ಹೋಗುತ್ತಲೇ ಇರುತ್ತದೆ. ಪಕ್ಕದ ಊರಿನಿಂದ ಸೈಕಲ್ಲಿನಲ್ಲಿ ಬರುವ ಗಟ್ಟಿಮುಟ್ಟಾದ ಹುಡುಗ ಶೌಚಾಲಯಕ್ಕೆ ಹೋಗಿ, ಸೋಪಿಲ್ಲದೆ ಕೈ ತೊಳೆದು, ಗೆಳೆಯರಿಗೆ ಊಟ ಬಡಿಸಲು ನಿಂತರೆ ನಿಮ್ಮ ಆರ್‌ಒ ಏನು ಮಾಡೀತು? ಶೌಚಾಲಯದ ಪಕ್ಕ ಒಂದು ನಲ್ಲಿ, ಕಂಬಕ್ಕೆ ಕಟ್ಟಿದ ಸೋಪು, ಇವೆರಡಕ್ಕೆ ದಾನಿಗಳು ಸಿಗುವುದಿಲ್ಲ ಅನ್ನುವುದು ಬೇರೆ ಮಾತು.

ಇನ್ನು ಟ್ಯಾಂಕಿಗೆ ನೀರು ಎಲ್ಲಿಂದ ಬರುತ್ತದೆ ನೋಡಿ. ಎರಡು ದಿನಕ್ಕೊಮ್ಮೆ ನೀರು ಬಿಡುವ ಊರಲ್ಲಿ, ನೀರುಗಂಟಿ ವಾಲ್ವ್ ಮುಚ್ಚಿದ ಮೇಲೆ ಪೈಪು ಖಾಲಿಯಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ. ಚರಂಡಿಯೊಳಗೆ ಹಾದುಹೋದ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದು ನೆನಪಿರಬಹುದು. ನಮ್ಮ ಶಾಲೆಗಳಿಗೆ ಇನ್ನೊಂದು ಗ್ರಹಚಾರ ಇದೆ: ಬೇಸಿಗೆ ರಜೆ ಮುಗಿದು ಬಾಗಿಲು ತೆರೆಯುವುದೂ ಮೊದಲ ಮಳೆ ಬೀಳುವುದೂ ಹೆಚ್ಚುಕಡಿಮೆ ಒಟ್ಟಿಗೆ. ರಜೆಯುದ್ದಕ್ಕೂ ಟ್ಯಾಂಕಿನಲ್ಲಿ ನಿಂತ ನೀರಿನ ಮೇಲೆ ಹೊಸ ನೀರು ತುಂಬಿಸಿ ಪ್ರಾರಂಭೋತ್ಸವ ಮಾಡಿಬಿಡುತ್ತೇವೆ. ತಳಿರು ತೋರಣಕ್ಕೆ ಮುಂಚೆ ಟ್ಯಾಂಕ್ ಬರಿದು ಮಾಡಿ, ತಿಕ್ಕಿ, ಮುಚ್ಚಳ ಹಾಕಿಸಿ.

ಆಮೇಲೆ ಕ್ಲೋರಿನ್. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇದರಲ್ಲೇ ಇದೆ. ಆರ್‌ಒ ಮೆಷಿನ್ನಿನೊಳಗಿನ ಇದ್ದಿಲಿನ ಫಿಲ್ಟರ್ ನೀರಿನಲ್ಲಿದ್ದ ಕ್ಲೋರಿನ್ನನ್ನು ತೆಗೆದುಬಿಡುತ್ತದೆ, ಇಲ್ಲದಿದ್ದರೆ ಅದರ ಪೊರೆ ಹಾಳಾಗುತ್ತದೆ. ಹಾಗಾಗಿ ಹೊರಬಂದ ನೀರು ಶುದ್ಧ, ಆದರೆ ಅದಕ್ಕೆ ಕಾವಲಿಲ್ಲ. ಸ್ಟೀಲ್ ಡ್ರಮ್ಮಿಗೆ ತುಂಬಿಸಿಟ್ಟು ಯಾರೋ ಲೋಟ ಸಮೇತ ಕೈ ಅದ್ದಿದರೆ ಆ ಕೊಳೆಯನ್ನು ಎದುರಿಸುವಂಥದ್ದು ಅದರಲ್ಲಿ ಏನೂ ಉಳಿದಿಲ್ಲ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುವ ನೀರಿಗೂ ಇದೇ ಮಾತು. ಮುಚ್ಚಳ ಬಿಗಿಯಾಗಿರುವ, ಕೆಳಗೆ ನಲ್ಲಿಯಿರುವ ಪಾತ್ರೆಯೇ ಬೇಕು, ಸಂಜೆ ಬರಿದು ಮಾಡಿ ಕವುಚಿಡಬೇಕು. ಸುತ್ತಮುತ್ತ ವಾಂತಿಭೇದಿ ಇರುವಷ್ಟು ದಿನ ಕ್ಯಾನಿಗೂ ಕ್ಲೋರಿನ್ ಮಾತ್ರೆ ಹಾಕಿ. ಎಷ್ಟು ಲೀಟರಿಗೆ ಎಷ್ಟು ಅನ್ನುವುದು ಪೊಟ್ಟಣದ ಮೇಲೇ ಇರುತ್ತದೆ, ಹಾಕಿದ ಅರ್ಧ ಗಂಟೆ ಬಿಟ್ಟು ಕುಡಿಯಬೇಕು.

ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್. ತಿಳಿಯಾದ ನೀರಾದರೆ 1000 ಲೀಟರಿಗೆ 2.5 ಗ್ರಾಂ ಅನ್ನುವುದು ಪುಸ್ತಕದ ಲೆಕ್ಕ. ಆ ಲೆಕ್ಕ ಹೊಸ ಪೌಡರಿನದು, ಅದರಲ್ಲಿ ಸುಮಾರು ಶೇ 33ರಷ್ಟು ಕ್ಲೋರಿನ್ ಇರುತ್ತದೆ. ಸ್ಟೋರ್ ರೂಮಿನ ಮೂಲೆಯಲ್ಲಿ ಬಾಯಿ ಬಿಚ್ಚಿಕೊಂಡು ಎರಡು ವರ್ಷ ಬಿದ್ದ ಚೀಲದ್ದು ಸುಣ್ಣಕ್ಕೆ ಸಮ. ಚೀಲ ಬಿಚ್ಚಿದರೆ ಮೂಗಿಗೆ ಘಾಟು ಹೊಡೆಯದಿದ್ದರೆ ಎಸೆದು ಹೊಸದು ತರಿಸಿ. ಪೌಡರನ್ನು ನೇರ ಟ್ಯಾಂಕಿಗೆ ಎರಚಬೇಡಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ನೀರು ಸೇರಿಸಿ, ಹತ್ತು ನಿಮಿಷ ಸುಣ್ಣ ತಳಕ್ಕೆ ಕೂರಲು ಬಿಟ್ಟು ಮೇಲಿನ ತಿಳಿಯನ್ನಷ್ಟೇ ಸುರಿಯಿರಿ. ಒಂದು ಗಂಟೆ ಬಿಟ್ಟು ನಲ್ಲಿಯಲ್ಲಿ ಪರೀಕ್ಷೆ ಮಾಡಿ. ಟ್ಯಾಂಕಿನ ಹತ್ತಿರದ ನಲ್ಲಿಯಲ್ಲಲ್ಲ, ತೀರಾ ಕೊನೆಯ ನಲ್ಲಿಯಲ್ಲಿ. ಆರೋಗ್ಯ ಕೇಂದ್ರದಲ್ಲಿ ಸಿಗುವ ಕ್ಲೋರೋಸ್ಕೋಪ್‌ನ ಗಾಜಿನ ನಳಿಕೆಗೆ ನೀರು ತುಂಬಿ ಒಟಿ (ಆರ್ಥೋಟಾಲಿಡಿನ್) ದ್ರಾವಣದ ಹನಿ ಬಿಟ್ಟರೆ ಹಳದಿ ಬಣ್ಣ ಬರುತ್ತದೆ. ಪಕ್ಕದ ಬಣ್ಣದ ಪಟ್ಟಿಗೆ ಹೋಲಿಸಿದಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಇರಬೇಕು, ಕಾಯಿಲೆ ಹಬ್ಬಿರುವಾಗ 0.5. ಬಣ್ಣವೇ ಬರಲಿಲ್ಲವೋ, ಪೌಡರ್ ಪ್ರಮಾಣ ಹೆಚ್ಚಿಸಬೇಕು. ಹನಿ ಬಿಡುವುದು ವಿಜ್ಞಾನದ ಮೇಷ್ಟ್ರ ಕೆಲಸವಾಗಲಿ, ಆ ದ್ರಾವಣ ಮಕ್ಕಳ ಕೈಗೆ ಬೇಡ. ಬಣ್ಣ ನೋಡಿ ದಿನವೂ ರಿಜಿಸ್ಟರಿನಲ್ಲಿ ಬರೆಯುವುದನ್ನು ಒಂಬತ್ತನೇ ಕ್ಲಾಸಿನವರಿಗೆ ವಹಿಸಿ. ಹದಿನಾಲ್ಕರ ಹುಡುಗಿಯರಷ್ಟು ಕಟ್ಟುನಿಟ್ಟಿನ ಇನ್‌ಸ್ಪೆಕ್ಟರುಗಳನ್ನು ನಾನು ಇಲಾಖೆಯಲ್ಲಿ ಕಂಡಿಲ್ಲ.

ಅಡುಗೆಮನೆಯಲ್ಲಿ ಬಿಸಿಬಿಸಿ ಅನ್ನ ಸಾಂಬಾರಿನಿಂದ ಭಯವಿಲ್ಲ. ಬೆಂದ ಮೇಲೆ ಸೇರಿಸುವುದರಿಂದ, ಬೆಂದು ಆರಿದ್ದರಿಂದ ತೊಂದರೆ. ಈ ದಿನಗಳಲ್ಲಿ ಕೊತ್ತಂಬರಿಯನ್ನು ಕುದಿಯುವಾಗಲೇ ಹಾಕಲಿ, ಮೊಟ್ಟೆಯನ್ನು ಮಕ್ಕಳೇ ಸುಲಿದುಕೊಳ್ಳಲಿ. ಗೇಟಿನ ಹೊರಗಿನ ಪಾನಿಪುರಿ, ಐಸ್‌ಕ್ಯಾಂಡಿ ಗಾಡಿಯವರನ್ನು ಗದರಿಸಿ ಓಡಿಸಿದರೆ ಮುಂದಿನ ತಿರುವಿನಲ್ಲಿ ನಿಲ್ಲುತ್ತಾರೆ. ನಿಮ್ಮ ಕ್ಲೋರಿನ್ ನೀರನ್ನೇ ಅವರಿಗೂ ಎರಡು ಕೊಡ ಕೊಡುವುದು ಜಾಣತನ.

ಇಷ್ಟಾದರೂ ಒಂದು ಮಗುವಿಗೆ ಶುರುವಾಯಿತು ಅನ್ನಿ. ಕಾಲರಾ ಭೇದಿ ಅಕ್ಕಚ್ಚಿನ ಹಾಗೆ ಬೆಳ್ಳಗೆ, ನೀರುನೀರಾಗಿ ಹೋಗುತ್ತದೆ. ಸಾಮಾನ್ಯವಾಗಿ ಜ್ವರ ಇರುವುದಿಲ್ಲ. ಜೋರಾದರೆ ಗಂಟೆಗೆ ಒಂದು ಲೀಟರಿನವರೆಗೂ ನೀರು ಹೋಗಬಹುದು, ಆರೈಕೆ ಇಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೇ ಬರುತ್ತದೆ. ಆದ್ದರಿಂದ ‘ಮನೆಗೆ ಹೋಗು ಮಗಾ’ ಅಂತ ಒಂಟಿಯಾಗಿ ಬಸ್ಸು ಹತ್ತಿಸಬೇಡಿ. ಕೂರಿಸಿ ಓಆರ್‌ಎಸ್ ಕೊಡಿ. ಒಂದು ಲೀಟರಿನ ಪೊಟ್ಟಣವನ್ನು ಅಳತೆ ಮಾಡಿದ ಒಂದು ಲೀಟರ್ ನೀರಿಗೇ ಕಲಸಬೇಕು. ಲೋಟಕ್ಕೆ ಚಿಟಿಕೆ ಹಾಕಿ ಕೊಡುವುದನ್ನು ಬಹಳ ಕಡೆ ನೋಡಿದ್ದೇನೆ, ಅದು ಸರಿಯಲ್ಲ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಗುಟುಕು ಗುಟುಕಾಗಿ ಕುಡಿಸಿ. ಈ ಪೊಟ್ಟಣವನ್ನು ಹಗುರ ಮಾಡಬೇಡಿ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ನಡುವೆ ಕಾಲರಾ ಎದ್ದಾಗ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಸಲೈನ್ ಬಾಟಲಿ ಮುಗಿಯುತ್ತ ಬಂದು ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಕಲಸಿದ ನೀರನ್ನೇ ಡ್ರಮ್ಮುಗಳಲ್ಲಿಟ್ಟು ಕುಡಿಸಿ ಸಾವಿನ ಪ್ರಮಾಣವನ್ನು ಶೇ 30ರ ಆಸುಪಾಸಿನಿಂದ ಶೇ 4ಕ್ಕಿಂತ ಕೆಳಗೆ ಇಳಿಸಿದರು.

ಮಗು ನಿತ್ರಾಣವಾಗಿ ಕಣ್ಣು ಗುಳಿಬಿದ್ದರೆ, ಕುಡಿಯಲು ಆಗದಿದ್ದರೆ ತಕ್ಷಣ 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೂ ಕುಡಿಸಲು ನೋಡುತ್ತಿರಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅವತ್ತೇ ತಿಳಿಸಿ, ಆಂಟಿಬಯೋಟಿಕ್ ಶುರುವಾಗುವ ಮುಂಚೆ ಮಲದ ಮಾದರಿ ತೆಗೆದರೆ ಕಾಯಿಲೆ ಯಾವುದೆಂದು ಪತ್ತೆಯಾಗುವುದು ಸುಲಭ. ಶಾಲೆಯ ಹೆಸರು ಹಾಳಾಗುತ್ತದೆ ಅಂತ ಎರಡು ದಿನ ಮುಚ್ಚಿಟ್ಟರೆ ಒಂದಿದ್ದದ್ದು ಇಪ್ಪತ್ತಾಗಿರುತ್ತದೆ. ವಾಂತಿ ಬಿದ್ದ ಜಾಗಕ್ಕೆ ಲೀಟರ್ ನೀರಿಗೆ 15 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ಸುರಿದು, ಹತ್ತು ನಿಮಿಷ ಬಿಟ್ಟು, ಗ್ಲೌಸ್ ಹಾಕಿಕೊಂಡ ದೊಡ್ಡವರೇ ತೊಳೆಯಲಿ. ಮಕ್ಕಳ ಕೈಗೆ ಪೊರಕೆ ಕೊಡಬೇಡಿ.

ಲಸಿಕೆ ಇಲ್ಲವೇ ಅಂತ ಕೇಳುವವರಿದ್ದಾರೆ. ಬಾಯಿಗೆ ಹಾಕುವ ಕಾಲರಾ ಲಸಿಕೆ ಇದೆ, ಹೈದರಾಬಾದಿನ ಭಾರತ್ ಬಯೋಟೆಕ್ 2024ರಲ್ಲಿ ಒಂದನ್ನು ಬಿಡುಗಡೆ ಮಾಡಿದೆ. ಆದರೆ ನಮ್ಮ ಮಕ್ಕಳ ದಿನನಿತ್ಯದ ಲಸಿಕೆ ಪಟ್ಟಿಯಲ್ಲಿ ಅದಿಲ್ಲ. ಸದ್ಯಕ್ಕೆ ನಾಳೆ ಬೆಳಿಗ್ಗೆ ಏಣಿ ತರಿಸಿ ಮೇಷ್ಟ್ರೇ, ಟ್ಯಾಂಕಿನ ಮೇಲೆ ಬರೆದ ದಿನಾಂಕವನ್ನು ನಂಬದೆ ಒಳಗೆ ಇಣುಕಿ ನೋಡಿ.